ಮೊದಲು ನೀರು ಕೊಡಿ, ಊರು ಆಮೇಲೆ ಕೇಳಿ

ಮಗಳು ಮೊದಲ ಸಲ ಒಬ್ಬಳೇ ಬಸ್ ಹತ್ತುವಾಗ ನೀವು ಏನು ಹೇಳಿ ಕಳಿಸುತ್ತೀರಿ? 'ಯಾರ ಜೋಡಿನೂ ಮಾತಾಡಬ್ಯಾಡ, ಯಾರೇನು ಕೊಟ್ಟರೂ ತಿನಬ್ಯಾಡ, ಇಳದ ಕೂಡಲೇ ಫೋನ್ ಮಾಡು.' ಆಳಂದದಿಂದ ಕಲಬುರಗಿಯ ಕಾಲೇಜಿಗೆ ಓಡಾಡುವ ಹುಡುಗಿಯರ ಮನೆಗಳಲ್ಲಿ ದಿನಾ ಬೆಳಿಗ್ಗೆ ಕೇಳಿಬರುವ ಮಾತಿದು. ತಪ್ಪೇನಿಲ್ಲ ಬಿಡಿ. ಬಿಸ್ಕತ್ತಿನಲ್ಲಿ ಮತ್ತು ಬರಿಸುವ ಔಷಧ ಬೆರೆಸಿ ಕೊರಳಿನ ಸರ ಬಿಚ್ಚಿಕೊಂಡು ಹೋದ ಸುದ್ದಿಗಳನ್ನು ನಾವೂ ಓದಿದ್ದೇವೆ. ಆದರೆ ಈ ಮಾತನ್ನೇ ಕೇಳಿ ಬೆಳೆದ ಹುಡುಗಿ ಜೊತೆಗೆ ಇನ್ನೊಂದನ್ನೂ ಕಲಿತುಬಿಡುತ್ತಾಳೆ. ಪಕ್ಕದ ಸೀಟಿನಾಕೆಗೆ ತಲೆ ಸುತ್ತಿ ಬಂದರೂ ಕಿಟಕಿ ಕಡೆ ಮುಖ ತಿರುಗಿಸಿ ಕೂರುವುದನ್ನು! ತನಗೇ ತಲೆ ಸುತ್ತಿದಾಗಲೂ ಯಾರನ್ನೂ ಕರೆಯದೆ ಹಲ್ಲು ಕಚ್ಚಿಕೊಂಡು ಕೂರುವುದನ್ನು!

ಹೋದ ಬೇಸಿಗೆಯಲ್ಲಿ ಕಲಬುರಗಿ–ಅಫಜಲಪುರ ಬಸ್ಸಿನಲ್ಲಿ ನಾನು ಕಂಡದ್ದೊಂದನ್ನು ಹೇಳುತ್ತೇನೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದಾಗಿನಿಂದ ನಮ್ಮ ಬಸ್ಸುಗಳಲ್ಲಿ ಹೆಂಗಸರ ಗದ್ದಲ ಎಷ್ಟೆಂದು ನಿಮಗೆ ಗೊತ್ತೇ ಇದೆ. ಆ ಗದ್ದಲದಲ್ಲಿ ಚಿಕ್ಕ ವಯಸ್ಸಿನ ಬಾಣಂತಿಯೊಬ್ಬಳು ಸೀಟಿನ ತುದಿಯಲ್ಲಿ ಮುದುಡಿ ಕೂತಿದ್ದಳು. ಕೂಸು ಒಂದೇ ಸಮನೆ ಚೀರುತ್ತಿತ್ತು. ಹಸಿವು ಅಂತ ಬಸ್ಸಿಗೆಲ್ಲ ತಿಳಿದಿತ್ತು. ಎದುರಿಗೇ ಗಂಡಸರು ನಿಂತಿದ್ದರಿಂದ ಆಕೆ ಹಾಲು ಕುಡಿಸಲಾರದೆ ಬರೀ ಬೆನ್ನು ತಟ್ಟುತ್ತಿದ್ದಳು. ಹಿಂದಿನಿಂದ ಯಾರೋ 'ಕೂಸಿಗಿ ಸುಮ್ಮ ಮಾಡವ್ವ' ಎಂದು ರೇಗಿದರು. ಆಗ ಕಂಬಿ ಹಿಡಿದು ನಿಂತಿದ್ದ ಅಜ್ಜಿಯೊಬ್ಬಳು ಸರಿದು ಬಂದು, ಗಂಡಸರಿಗೆ ಬೆನ್ನು ಮಾಡಿ ನಿಂತು, ತನ್ನ ಇಳಕಲ್ ಸೀರೆಯ ಸೆರಗನ್ನು ಅಗಲ ಮಾಡಿ ಮರೆ ಹಿಡಿದಳು. 'ಕುಡಸವ್ವ, ನಾ ಇದ್ದೀನಿ' – ಅಷ್ಟೇ ಮಾತು. ಚೌಡಾಪುರ ಬರುವ ತನಕ ಒಂದು ಕೈಯಲ್ಲಿ ಕಂಬಿ, ಇನ್ನೊಂದು ಕೈಯಲ್ಲಿ ಸೆರಗು. ಬಸ್ಸು ಕುಲುಕಿದಾಗಲೆಲ್ಲ ಆಕೆಯೂ ಓಲಾಡುತ್ತಿದ್ದಳು, ಸೆರಗು ಮಾತ್ರ ಕೆಳಗಿಳಿಯಲಿಲ್ಲ. ಆಮೇಲೆ ಕೂಸಿನ ಕೆನ್ನೆ ಸವರಿ ಇಳಿದು ಹೋದಳು.

ನನಗೆ ಹಿಡಿಸಿದ್ದು ಆಕೆ ಮಾಡಿದ್ದಕ್ಕಿಂತ ಹೆಚ್ಚಾಗಿ ಆಕೆ ಮಾಡದೆ ಬಿಟ್ಟದ್ದು. 'ಗಂಡ ಎಲ್ಲಿ? ಇಷ್ಟು ಬಿಸಲಾಗ ಎಳೀ ಕೂಸಿಗಿ ಕಟಗೊಂಡು ಒಬ್ಬಾಕೀನೇ ಯಾಕ ಹೊಂಟಿ?' ಒಂದೂ ಕೇಳಲಿಲ್ಲ.

ನಮ್ಮ ಕಡೆಯವರಿಗೆ ಕೇಳುವ ಚಟ ಜಾಸ್ತಿ. ಯಾವೂರು, ಯಾರ ಪೈಕಿ, ಎಷ್ಟು ಮಕ್ಕಳು, ಗಂಡೆಷ್ಟು ಹೆಣ್ಣೆಷ್ಟು... ಅದರಲ್ಲಿ ಪ್ರೀತಿ ಇಲ್ಲವೆಂದಲ್ಲ. ಹಾಗೆ ಕೇಳುತ್ತ ಕೇಳುತ್ತಲೇ ಎಷ್ಟೋ ಸಂಬಂಧಗಳು ಕುದುರಿವೆ. ಆದರೆ ಕಷ್ಟದಲ್ಲಿರುವವಳಿಗೆ ಈ ಪ್ರಶ್ನೆಗಳು ಉಪಕಾರಕ್ಕೆ ಕಟ್ಟಬೇಕಾದ ಸುಂಕದಂತೆ ಕೇಳಿಸುತ್ತವೆ. ಉತ್ತರ ಕೊಡಲು ಹೋದರೆ ಗಂಡನ ಕುಡಿತ ಹೊರಗೆ ಬೀಳುತ್ತದೆ, ಅತ್ತೆಯ ಜಗಳ ಹೊರಗೆ ಬೀಳುತ್ತದೆ, ಜಾತಿ ಹೊರಗೆ ಬೀಳುತ್ತದೆ. 'ಯಾರ ಪೈಕಿ' ಎಂದು ಕೇಳಿದ ಮೇಲೆ ನೀರಿನ ತಂಬಿಗೆ ವಾಪಸ್ ಒಳಗೆ ಹೋದದ್ದೂ ನಮ್ಮ ಊರುಗಳಲ್ಲಿ ಉಂಟಲ್ಲವೇ?

ಅಫಜಲಪುರ ತಾಲ್ಲೂಕಿನ ದೇವಲ ಗಾಣಗಾಪುರಕ್ಕೆ ನಿಮ್ಮಲ್ಲಿ ಬಹಳ ಮಂದಿ ಹೋಗಿರುತ್ತೀರಿ. ಭೀಮಾ ಮತ್ತು ಅಮರಜಾ ಕೂಡುವ ಆ ಊರಿನಲ್ಲಿ ಮಧುಕರಿ ಎಂಬ ಪದ್ಧತಿ ಇದೆ. ಯಾತ್ರಿಕರು, ಎಂಥ ಶ್ರೀಮಂತರೇ ಇರಲಿ, ಜೋಳಿಗೆ ಹಿಡಿದು ಐದು ಮನೆ ಮುಂದೆ ಭಿಕ್ಷೆ ಬೇಡುತ್ತಾರೆ. ಮಧ್ಯಾಹ್ನದ ಹೊತ್ತಿಗೆ ದತ್ತಾತ್ರೇಯನೇ ಯಾವುದೋ ವೇಷದಲ್ಲಿ ಭಿಕ್ಷೆಗೆ ಬರುತ್ತಾನೆಂಬುದು ನಂಬಿಕೆ. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು, ಅದರೊಳಗಿನ ಜಾಣತನ ನೋಡಿ. ಬಂದವರು ಯಾರೆಂದು ಗೊತ್ತಿಲ್ಲದ ಮೇಲೆ ನೀಡುವ ಹೆಣ್ಣುಮಗಳು ವಿಚಾರಣೆ ಮಾಡುವಂತೆಯೇ ಇಲ್ಲ! ಅರಳಗುಂಡಗಿಯಲ್ಲಿ ಹುಟ್ಟಿದ ಶರಣಬಸವೇಶ್ವರರು ಹೊಲದ ಬೆಳೆಯನ್ನು ಹಕ್ಕಿಗಳಿಗೆ ಬಿಟ್ಟ ಕಥೆಯೂ ಅಂಥದ್ದೇ. ಅವರ ಹೆಸರಿನ ದಾಸೋಹ ಕಲಬುರಗಿಯಲ್ಲಿ ಇಂದಿಗೂ ನಡೆದಿದೆ. (ದಾಸೋಹವನ್ನೆಲ್ಲ ಗುಡಿಗೆ ಒಪ್ಪಿಸಿ ನಾವು ಮನೆಯಲ್ಲಿ ಆರಾಮ ಕೂತುಬಿಟ್ಟೆವೇನೋ ಎಂದು ಒಮ್ಮೊಮ್ಮೆ ಅನ್ನಿಸುತ್ತದೆ.)

ಸರಿ, ಬಸ್ ಸ್ಟ್ಯಾಂಡಿಗೆ ಬರೋಣ. ಶಾಲೆಯ ಹುಡುಗಿಯೊಬ್ಬಳ ಬಟ್ಟೆಗೆ ಕಲೆಯಾಗಿದೆ, ಅವಳಿಗೆ ಗೊತ್ತಿಲ್ಲ. ದೂರದಿಂದ 'ಏ ಹುಡುಗಿ' ಎಂದು ಕೂಗಬೇಡಿ. ಅವಳ ಹಿಂದೆ ಹೋಗಿ ಮರೆಯಾಗಿ ನಿಂತು ಕಿವಿಯಲ್ಲಿ ಹೇಳಿ. ವೇಲನ್ನು ಸೊಂಟಕ್ಕೆ ಕಟ್ಟಿಕೊಳ್ಳಲಿ, ಇಲ್ಲದಿದ್ದರೆ ನಿಮ್ಮ ಟವೆಲ್ ಕೊಡಿ, ಅದು ವಾಪಸ್ ಬರುತ್ತದೆಂದು ಕಾಯಬೇಡಿ. ನಿಮಗೆ ಮುಟ್ಟು ನಿಂತು ಎಷ್ಟು ವರ್ಷವಾಗಿದ್ದರೂ ಚೀಲದಲ್ಲಿ ಒಂದು ಪ್ಯಾಡ್, ನಾಲ್ಕು ಪಿನ್ನು ಇರಲಿ.

ಇದಕ್ಕಿಂತ ನಾಜೂಕಿನದು, ಒಬ್ಬಳೇ ಕೂತು ಅಳುತ್ತಿರುವ ಹೆಂಗಸು. ಹತ್ತಿರ ಹೋಗಿ ಕೂತು ನೀರು ಬೇಕಾ ಎಂದು ಕೇಳಿ. ಬೇಡ ಅಂದರೆ ಮುನಿಸಿಕೊಳ್ಳಬೇಡಿ. ಆಕೆಯ ತಾಯಿಯೂ ನಿಮ್ಮ ಹಾಗೆಯೇ ಹೇಳಿ ಕಳಿಸಿರುತ್ತಾಳೆ! ಅಂಗಡಿಯಿಂದ ಸೀಲ್ ಒಡೆಯದ ಬಾಟಲಿ ತಂದು ಪಕ್ಕದಲ್ಲಿಟ್ಟು ಸುಮ್ಮನೆ ಕೂತಿರಿ. ಫೋನ್ ಮಾಡಬೇಕಾ ಎಂದಷ್ಟೇ ಕೇಳಿ. ತವರಿಗೋ ಗಂಡನ ಮನೆಗೋ ಎಂಬುದನ್ನು ಆಕೆ ಹೇಳಲಿ, ನೀವು ತೀರ್ಮಾನ ಮಾಡಬೇಡಿ. ಹೊಡೆತ ತಿಂದು ಬಂದವಳು ಅನ್ನಿಸಿದರೆ ಮಹಿಳಾ ಸಹಾಯವಾಣಿ 181 ಇದೆ, ಪೊಲೀಸರು ಬೇಕಾದರೆ 112. 'ಹೊಂದಕೊಂಡು ಹೋಗಬೇಕವ್ವ' ಎಂಬ ಬುದ್ಧಿಮಾತನ್ನು ದಯಮಾಡಿ ನಿಮ್ಮಲ್ಲೇ ಇಟ್ಟುಕೊಳ್ಳಿ.

ಹಾಗಾದರೆ ಮಗಳಿಗೆ ಹೇಳುವುದೇನು? ನಾಲ್ಕು ಮಂದಿಯ ಎದುರಿಗೆ ನಡೆಯುವ ಉಪಕಾರ ಬೇರೆ, 'ಬಾ, ನಮ್ಮ ಮನಿ ಇಲ್ಲೇ ಅದ' ಎಂದು ಕರೆಯುವುದು ಬೇರೆ. ಮೊದಲನೆಯದನ್ನು ತಗೋ, ಎರಡನೆಯದಕ್ಕೆ ಹೋಗಬೇಡ ಅನ್ನಿ. ತಾನಾಗಿ ಮೈಮೇಲೆ ಬಿದ್ದು ಬಂದವರಿಗಿಂತ, ಅವಳೇ ನೋಡಿ ಆರಿಸಿಕೊಂಡವರನ್ನು ಕೇಳುವುದು ಮೇಲು. ಮಕ್ಕಳನ್ನು ಕಟ್ಟಿಕೊಂಡು ಕೂತ ಹೆಂಗಸು, ಕಂಡಕ್ಟರ್, ಬಸ್ ನಿಲ್ದಾಣದ ಕಂಟ್ರೋಲರ್... ಹೀಗೆ ಯಾರನ್ನು ಕೇಳಬೇಕೆಂದು ಮನೆಯಲ್ಲೇ ಮಾತಾಡಿಕೊಳ್ಳಿ.

ರಸ್ತೆ ಅಪಘಾತದ ಮಾತೂ ಇದರ ಜೊತೆಗೇ ಬರುತ್ತದೆ. ಜೇವರ್ಗಿಯ ಹೆದ್ದಾರಿಯಲ್ಲಿ ಬೈಕ್ ಬಿದ್ದು ಯಾರೋ ನರಳುತ್ತಿದ್ದರೆ 'ಪೊಲೀಸರ ಉಸಾಬರಿ ನಮಗ್ಯಾಕ' ಎಂದು ಹೋಗುವವರೇ ಹೆಚ್ಚು. ಆ ಭಯಕ್ಕೆ ಈಗ ಕಾರಣವಿಲ್ಲ. ನೆರವಿಗೆ ನಿಂತವರನ್ನು ಕಾಪಾಡುವ ಮಾರ್ಗಸೂಚಿಗಳಿಗೆ ಸುಪ್ರೀಂ ಕೋರ್ಟು 2016ರ ಮಾರ್ಚ್ 30ರಂದು ಕಾನೂನಿನ ಬಲ ಕೊಟ್ಟಿತು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೂ ಅದಕ್ಕಾಗಿ 134ಎ ಎಂಬ ಕಲಮು ಸೇರಿತು. ಗಾಯಗೊಂಡವರನ್ನು ಆಸ್ಪತ್ರೆಗೆ ಸೇರಿಸಿದ ನೀವು ಹೆಸರು, ನಂಬರು ಕೊಡಲೇಬೇಕೆಂದಿಲ್ಲ. ನಿಮಗೆ ದುಡ್ಡು ಕಟ್ಟಿ ಎನ್ನುವಂತೆಯೂ ಇಲ್ಲ. ಕೊನೇಪಕ್ಷ 108ಕ್ಕೆ ಫೋನ್ ಮಾಡಿ, ಆಂಬುಲೆನ್ಸ್ ಬರುವ ತನಕ ಅವರ ಬಳಿ ಕೂತಿರಿ.

ಇನ್ನೊಂದು ಮಾತು, ಫೋಟೊ. ಯಾರಿಗೋ ಊಟ ಕೊಟ್ಟು, ಸೀರೆ ಕೊಟ್ಟು, ಪಕ್ಕದಲ್ಲಿ ನಿಲ್ಲಿಸಿಕೊಂಡು ವಾಟ್ಸ್ಆ್ಯಪ್ ಸ್ಟೇಟಸ್ಸಿಗೆ ಹಾಕುವುದು ಈಗ ನಮ್ಮ ಹೆಂಗಸರ ಗುಂಪುಗಳಲ್ಲೂ ಶುರುವಾಗಿದೆ. ಬೇಡ. ಆಕೆ ಮನೆಯಲ್ಲಿ ಹೇಳದೆ ಆಸ್ಪತ್ರೆಗೆ ಬಂದಿರಬಹುದು, ಮುನಿಸಿಕೊಂಡು ತವರಿಗೆ ಹೊರಟಿರಬಹುದು. ನೀವು ಹಾಕಿದ ಫೋಟೊ ಸಂಜೆಯೊಳಗೆ ಆಕೆಯ ಗಂಡನ ಫೋನಿಗೆ ಹೋಗುತ್ತದೆ.