ಕರ್ಚೀಫ್ ಮೂಲೆಯಲ್ಲಿರೋ ಅಕ್ಷರ ಯಾರದು?

(1/4)
ಮೊನ್ನೆ ಸಕಲೇಶಪುರದ ಹೋಂಸ್ಟೇಗೆ ಹೋದ್ರಲ್ಲ, ನಿಮ್ಮೆಲ್ಲರ ಸ್ಟೋರಿ ನೋಡಿದೆ. ಹಳೇ ಎಸ್ಟೇಟ್ ಬಂಗಲೆ, ಗೋಡೆ ಮೇಲೆ ಗಾಜಿನ ಫ್ರೇಮಲ್ಲಿ ಲೇಸ್ ಕರ್ಚೀಫ್, ಜೊತೆಗೆ ನಿಮ್ಮ ಸಾಲು: "ವಿಂಟೇಜ್ ವೈಬ್ಸ್, ಆ ಕಾಲವೇ ಚೆಂದ."
ಯಾರಿಗೆ ಚೆಂದ ಮಾರಾಯ್ರೇ?

(2/4)
ಕೈಯಲ್ಲಿ ಮಾಡಿದ ಲೇಸ್ ಯುರೋಪಲ್ಲಿ ಶ್ರೀಮಂತರ ಸೊತ್ತು. ಆ ಕರ್ಚೀಫ್ ಇದ್ದಿದ್ದು ಮೂಗು ಒರೆಸೋಕಲ್ಲ, ಹಿಡಿದು ತೋರಿಸೋಕೆ. 1809ರಲ್ಲಿ ಜಾನ್ ಹೀತ್‌ಕೋಟ್ ಲೇಸ್ ಬಲೆಯ ಮೆಷಿನ್‌ಗೆ ಪೇಟೆಂಟ್ ತಗೊಂಡ. ಅಗ್ಗದ ಲೇಸ್ ಬಂತು, ಆದರೂ ಕೈಲೇಸಿನ ಗತ್ತು ಇಳಿಯಲಿಲ್ಲ. ನಮ್ಮ ದಕ್ಷಿಣದಲ್ಲಿ ಮಿಷನರಿಗಳು ನಾಗರಕೋಯಿಲ್, ನರಸಾಪುರದ ಬಡ ಹೆಣ್ಣುಮಕ್ಕಳಿಗೆ ಲೇಸ್ ಕಲಿಸಿದರು. ಅವರ ಕೈಗೆ ನಾಲ್ಕು ಕಾಸು ಬಂತು, ಅದು ನಿಜ. ಆದರೆ ಸರಕು ಹಡಗು ಹತ್ತಿತು, ಲಾಭ ವ್ಯಾಪಾರಿಗೆ ಹೋಯಿತು.

(3/4)
ಜರ್ಮನಿಯ ಮರಿಯಾ ಮೀಸ್ ನರಸಾಪುರಕ್ಕೆ ಬಂದು ಈ ಹೆಂಗಸರನ್ನು ಮಾತಾಡಿಸಿ 1982ರಲ್ಲಿ ಪುಸ್ತಕ ತಂದರು. ದಿನಕ್ಕೆ ಗಂಟೆಗಟ್ಟಲೆ ಹೆಣೆದರೂ ಅವರಿಗೆ ಸಿಕ್ಕ ಹೆಸರು "ಗೃಹಿಣಿ", ಅವರ ದುಡಿಮೆಗೆ ಸಿಕ್ಕ ಹೆಸರು "ಬಿಡುವಿನ ಕೆಲಸ". ಬಿಕಾಂನವರೇ, ಕಾಸ್ಟ್ ಶೀಟ್ ನೆನಪು ಮಾಡ್ಕೊಳ್ಳಿ: ಪ್ರೈಮ್ ಕಾಸ್ಟ್‌ನಲ್ಲಿ ಮೊದಲು ಮೆಟೀರಿಯಲ್, ಆಮೇಲೆ ಡೈರೆಕ್ಟ್ ಲೇಬರ್. "ಬಿಡುವು" ಅಂದುಬಿಟ್ರೆ ಆ ಎರಡನೇ ಸಾಲೇ ಮಾಯ!
ಮಂಜರಾಬಾದಿನ ಪ್ಲಾಂಟರ್ ಎಲಿಯಟ್ 1894ರಲ್ಲಿ ತನ್ನ ಕಾಫಿ, ಬೇಟೆ ಬಗ್ಗೆ ಪುಸ್ತಕವನ್ನೇ ಬರೆದ. ಲೇಸ್ ಹೆಣೆದವಳಿಗೆ ಒಂದು ಅಕ್ಷರವೂ ಇಲ್ಲ. ಕರ್ಚೀಫ್ ಮೂಲೆಯಲ್ಲಿ ಕಸೂತಿ ಹಾಕಿದ ಅಕ್ಷರ ಕೂಡ ಅದನ್ನು ಇಟ್ಕೊಂಡವಳದ್ದು.

(4/4)
"ಚೆಂದ ಇರೋದನ್ನ ಚೆಂದ ಅನ್ನಬಾರದಾ?" ಅಂತೀರಿ. ಅನ್ನಿ. ಆದರೆ ಕಾಲೇಜ್ ಫೆಸ್ಟ್ ನೆನಪಿದೆಯಾ? ನಮ್ಮಮ್ಮ ಕಾಫಿ ಕುಯ್ಲಿನ ಕೆಲಸ ಮುಗಿಸಿ ಬಂದು, ರಾತ್ರಿ ಕ್ರೋಶಾ ಕಡ್ಡಿ ಹಿಡಿದು ಅಂಚು ಹೆಣೆದ ಹನ್ನೆರಡು ಕರ್ಚೀಫ್ ನಮ್ಮ ಸ್ಟಾಲಲ್ಲಿತ್ತು. ಒಂದಕ್ಕೆ ಎರಡು ರಾತ್ರಿ. ಬೆಲೆ 120 ರೂಪಾಯಿ. "ಇಷ್ಟಾ? ಆನ್‌ಲೈನಲ್ಲಿ 40ಕ್ಕೆ ಸಿಗುತ್ತೆ" ಅಂದಿದ್ದು ನೀವೇ. ಒಂಬತ್ತು ವಾಪಸ್ ಬಂತು. ಅಮ್ಮ ಕೇಳಿದ್ದು ಒಂದೇ: "ಹೆಣಿಗೆ ಸರಿ ಬಂದಿರಲಿಲ್ವೇನೋ?"
ಸರಿ ಬಂದಿತ್ತಮ್ಮ. ನಮ್ಮ ಲೆಕ್ಕ ಸರಿ ಇರಲಿಲ್ಲ.
ಸತ್ತ ಮೇಮ್‌ಸಾಬ್ ಕರ್ಚೀಫ್ ಆದ್ರೆ ಪರಂಪರೆ, ಬದುಕಿರೋ ಅಮ್ಮನದು ಆದ್ರೆ ಚೌಕಾಸಿ. ಇದು ಮೊದಲು ಬಿಡೋಣ. ನಿಮ್ಮನೇಲಿ ಹೆಣೆಯೋರು ಯಾರು? ಅವರ ಹೆಸರು ಕಾಮೆಂಟಲ್ಲಿ ಬರೀರಿ. ಹೆಸರಿಂದಲೇ ಶುರುವಾಗಲಿ.

#ಸಕಲೇಶಪುರ #ಆಲೂರು #ಅಮ್ಮನಕೈಕೆಲಸ