ಬ್ಯಾಂಕಿನ ಅಪ್ರೆಂಟಿಸ್: ನೌಕರಿ ಅಲ್ರೀ, ವರ್ಷಗಟ್ಟಲೆ ಕಂಡಿಕೆ ಸುತ್ತೂದು



ನಿನ್ನೆ ಎರಿ ಹೊಲದಾಗ ಕಡ್ಲಿ ಕುಡಿ ಚಿವುಟೂ ಮುಂದ ಬಾಜೂ ಹೊಲದ ಕಾಕಾ ಬದುವಿನ ಮ್ಯಾಲ ಕುಂತು ಕೇಳಿದ್ರು, "ಯಾಕೋ ತಮ್ಮಾ, ನಿನ್ನ ಮಗಳು ಬ್ಯಾಂಕಿನ ನೌಕರಿ ಬಿಟ್ಟಳಂತಲ್ಲ?" ಬಿಟ್ಟಿಲ್ಲ ಕಾಕಾ, ಆಕಿಗೆ ನೌಕರಿ ಸಿಕ್ಕೇ ಇರಲಿಲ್ಲ ಅಂದೆ. ಅವರಿಗೆ ತಿಳೀಲಿಲ್ಲ. ಊರಾಗ ಯಾರಿಗೂ ತಿಳಿದಂಗಿಲ್ಲ. ಅದಕ್ಕ ಇವತ್ತು ಬೆಳಿ ಸುದ್ದಿ ಬಿಟ್ಟು ಇದನ್ನ ಬರೀತೀನಿ.

ತಪ್ಪು ಮೊದಲು ನಂದು. ಮಗಳು ಬಿ.ಕಾಂ. ಮುಗಿಸಿ ಒಂದು ಬ್ಯಾಂಕಿಗೆ ಅಪ್ರೆಂಟಿಸ್ ಆಗಿ ಆಯ್ಕೆಯಾದಾಗ ನಾನೇ ಪೇಢೆ ಹಂಚಿದೆ. ಬಾದಾಮಿ ಕಡೆಯಿಂದ ಬೀಗತನದ ಮಾತೂ ಬಂತು, "ಬ್ಯಾಂಕಿನ ಹುಡುಗಿ" ಅಂತ. ವರ್ಷ ಮುಗೀತು, ಕೈಯಾಗ ಒಂದು ಪ್ರಮಾಣಪತ್ರ ಕೊಟ್ಟು ಕಳಿಸಿದರು. ಬೀಗರ ಫೋನೂ ನಿಂತಿತು.

1961ರ ಅಪ್ರೆಂಟಿಸ್ ಕಾಯ್ದೆ ಪ್ರಕಾರ ಇವರು ನೌಕರರಲ್ಲ, ತರಬೇತಿಗೆ ಬಂದವರು. ಸ್ಟೇಟ್ ಬ್ಯಾಂಕ್ 2023ರಾಗ 6,160 ಮಂದೀನ್ನ ಕರೀತು, ಕೆನರಾ ಬ್ಯಾಂಕ್ 2024ರಾಗ 3,000 ಮಂದೀನ್ನ. ಎರಡೂ ಕಡೆ ಒಂದೇ ವರ್ಷ, ತಿಂಗಳಿಗೆ 15,000 ರೂಪಾಯಿ. ಕೆನರಾದ ಆ ಹದಿನೈದರಾಗ 4,500 ಸರಕಾರದ್ದು. ಮುಗಿದ ಮ್ಯಾಲ ಕೆಲಸ ಕೊಡಬೇಕಂತ ಇಲ್ಲ. ಇದನ್ನೆಲ್ಲಾ ಅವರು ಮುಚ್ಚಿಟ್ಟಿಲ್ಲ, ಪ್ರಕಟಣೆಯಾಗ ಬರದಿರತಾರ. ಓದದವರು ನಾವು.

ರೊಕ್ಕದ ಬಗ್ಗೆ ನನ್ನ ತಕರಾರಿಲ್ಲ. ಶಕ್ತಿ ಯೋಜನೆ ಇತ್ತು, ಬಸ್ಸಿನ ಖರ್ಚೂ ಬರಲಿಲ್ಲ. ನನ್ನ ಸಿಟ್ಟು ಕಲಿಕೆ ಬಗ್ಗೆ.

"ಕಲೀಲಿ ಬಿಡೋ, ಹಿಂದಿನವರು ಪುಕ್ಕಟೆ ಕಲೀತಿದ್ರು" ಅಂತ ಕೆಲವರು ಅಂತಾರ. ಸರಿ, ಹಂಗಾದ್ರ ಇಳಕಲ್ಲಿಗೆ ಹೋಗಿ ಮಗ್ಗದ ಮನಿ ನೋಡ್ರಿ. ಹುಡುಗರು ಮೊದಲು ಕಂಡಿಕೆ ಸುತ್ತತಾರ, ಖರೆ. ಆದ್ರ ಅಲ್ಲಿಗೇ ನಿಲ್ಲಿಸೂದಿಲ್ಲ. ಮೈಯ ಹಾಸಿಗೂ ಸೆರಗಿನ ಹಾಸಿಗೂ ಒಂದೊಂದೇ ಎಳಿ ಸಿಗಿಸಿ ಕೊಂಡಿ ಹಾಕೂದನ್ನ ಕಲಿಸತಾರ. ಕೊಂಡಿ ಬಂದಾಂವ ನೇಕಾರ. ನನ್ನ ಮಗಳು ವರ್ಷಪೂರ್ತಿ ಕಂಡಿಕೇನ ಸುತ್ತಿದಳು. ಪಾಸ್‌ಬುಕ್ ಮುದ್ರಣ, ಕೆವೈಸಿ ಫಾರ್ಮ್, ಆಧಾರ್ ಜೋಡಣೆ, 20 ರೂಪಾಯಿ, 436 ರೂಪಾಯಿ ವಿಮೆಗೆ ಜನರ ಸಹಿ. ಬೆಳೆಸಾಲದ ಫೈಲು ಹೆಂಗ ತಯಾರಾಗತೈತಿ, ಮಂಜೂರಾತಿ ಹೆಂಗ ಆಗತೈತಿ ಅನ್ನೂದನ್ನ ಪಕ್ಕ ಕುಂದರಿಸಿ ಯಾರೂ ತೋರಿಸಲಿಲ್ಲ. ಶಾಖೆಯವರು ಕೆಟ್ಟವರಂತ ಅಲ್ಲ. ಇರೂ ಮಂದಿನೇ ಕಡಿಮೆ, ಕೌಂಟರ್ ಮುಂದ ಪಾಳಿ, ಕಲಿಸಾಕ ಪುರಸೊತ್ತೆಲ್ಲಿ? ನಾ ಹೇಳೂದೂ ಅದನ್ನ. ಮಂದಿ ಕಡಿಮಿದ್ರ ಮಂದಿ ತಗೋರಿ. ಹನ್ನೆರಡು ತಿಂಗಳು ಬೇಕಾಗಿದ್ದ ಕೈ ಹದಿಮೂರನೇ ತಿಂಗಳಿಗೆ ಬ್ಯಾಡ ಹೆಂಗ ಆಗತೈತಿ?

ಇದು ನನ್ನ ಮನಿ ದುಃಖ ಅಷ್ಟ ಅಲ್ಲ, ನಿಮ್ಮದೂ ಐತಿ. ಅಪ್ರೆಂಟಿಸ್ ಆಗಾಕ ಆ ರಾಜ್ಯದ ಭಾಷಾ ಬರಬೇಕು. ಹಿಂಗಾಗಿ ಕೌಂಟರಿನಾಗ ನಮ್ಮ ಮಾತು ತಿಳಿಯೂ, ಉತಾರ ಓದಾಕ ಬರೂ ಕೂಸು ಒಂದು ಇರತೈತಿ. ಮೂರು ಲಕ್ಷದೊಳಗಿನ ಕಿಸಾನ್ ಕ್ರೆಡಿಟ್ ಕಾರ್ಡ್ ಸಾಲಕ್ಕ ಬಡ್ಡಿ ಶೇ. 7. ಗಡುವಿನೊಳಗ ತುಂಬಿದ್ರ ಶೇ. 3 ರಿಯಾಯಿತಿ, ಅಂದ್ರ ಶೇ. 4. ಆ ವರ್ಷ ನಮ್ಮ ಓಣಿಯವರಿಗೆ ಮಗಳು ಸಂಜಿಕ ಬಂದು ತಾರೀಖು ನೆನಪಿಸತಿದ್ಲು. ಆಕಿ ಬಿಟ್ಟ ಮ್ಯಾಲ ನಮ್ಮ ಒಬ್ಬ ಗೆಳೆಯ ಗಡುವು ದಾಟಿಸಿಕೊಂಡ. 1,60,000 ಸಾಲಕ್ಕ 4,800 ರೂಪಾಯಿ ರಿಯಾಯಿತಿ ಹೋತು. ಹೊಸದಾಗಿ ಬಂದ ಅಪ್ರೆಂಟಿಸ್ ಈಗ ಮೊದಲಿಂದ ಕಲೀಬೇಕು. ಅದು ನಮ್ಮನ್ನ ಗುರುತು ಹಿಡಿಯೂದ್ರಾಗ ಅದರದೂ ವರ್ಷ ಮುಗೀತೈತಿ.

2014ರ ತಿದ್ದುಪಡಿ ಆದ ಮ್ಯಾಲ, ತರಬೇತಿ ಮುಗಿಸಿದವರನ್ನ ತಗೊಳ್ಳೂ ಬಗ್ಗೆ ಪ್ರತಿ ಸಂಸ್ಥೆ ತನ್ನದೇ ನೀತಿ ಮಾಡಬೇಕಂತ ಕಾಯ್ದೆಯಾಗೇ ಐತಿ. ಸ್ಟೇಟ್ ಬ್ಯಾಂಕ್ ಕ್ಲರ್ಕ್ ನೇಮಕಾತಿಯಾಗ ತನ್ನ ಅಪ್ರೆಂಟಿಸ್‌ಗಳಿಗೆ ಸ್ವಲ್ಪ ಹೆಚ್ಚಿನ ಅಂಕ ಕೊಡತೈತಿ. ಸ್ವಲ್ಪ ಯಾಕ, ಸರಿಯಾಗಿ ಕೊಡ್ರಿ. ಎಲ್ಲಾ ಬ್ಯಾಂಕೂ ಕೊಡ್ರಿ. ನಾಕು ತಿಂಗಳರ ಸಾಲದ ಟೇಬಲ್ಲಿಗೆ ಕುಂದರಿಸ್ರಿ. ಬಾಗಲಕೋಟಿ, ಹುನಗುಂದದಾಗ ಬ್ಯಾಂಕಿನವರು ರೈತರ ಸಭೆ ಕರೆದಾಗ ನಾವು ಬರೇ ಸಾಲಮನ್ನಾ ಕೇಳಿ ಎದ್ದು ಬರತೀವಿ. ಇನ್ಮ್ಯಾಲ ಇದನ್ನೂ ಕೇಳೂಣು.

ಮಕ್ಕಳನ್ನ ಕಳಿಸಬ್ಯಾಡ್ರಿ ಅಂತ ನಾ ಹೇಳೂದಿಲ್ಲ, ಕಳಿಸ್ರಿ. ಆದ್ರ ನೌಕರಿ ಅಂತ ಡಂಗುರ ಹೊಡೀಬ್ಯಾಡ್ರಿ, ಅದನ್ನ ನಂಬಿ ಲಗ್ನ ಕುದುರಿಸಬ್ಯಾಡ್ರಿ, ಟ್ರ್ಯಾಕ್ಟರ್ ಸಾಲ ಮಾಡಬ್ಯಾಡ್ರಿ. ಹೋದ ದಿನದಿಂದನ ಕ್ಲರ್ಕ್ ಪರೀಕ್ಷೆಗೆ ಓದಾಕ ಹಚ್ಚರಿ. "ಇವತ್ತು ಏನು ಕಲಿತಿ?" ಅಂತ ದಿನಾ ಸಂಜಿಕ ಕೇಳ್ರಿ. ನಾ ಕೇಳಲಿಲ್ಲ. ಪಗಾರ ಆತೇನವಾ ಅಂತಷ್ಟ ಕೇಳಿದೆ.

ಮಗಳು ಈಗ ಪಡಸಾಲ್ಯಾಗ ಕುಂತು ಪರೀಕ್ಷೆಗೆ ಓದಾಕತ್ಯಾಳ. ನಾಳೆ ಮತ್ತ ಕಡ್ಲಿ ಹೊಲ. ನಿಮ್ಮ ಮನಿ ಮಕ್ಕಳ ಅನುಭವ ಏನೈತಿ, ಬರೀರಿ.