ಬಳ್ಳಾರಿ ತಂಡವನ್ನು ವಾಪಸ್ ಕೊಡಿ

ಚೌತಿಯ ಮರುದಿನ, 2025ರ ಆಗಸ್ಟ್ 28ರ ರಾತ್ರಿ, ಮೈಸೂರಿನಲ್ಲಿ ರಾಜ್ಯದ ಟಿ20 ಕ್ರಿಕೆಟ್ ಲೀಗ್ ಆದ ಮಹಾರಾಜ ಟ್ರೋಫಿಯ ಫೈನಲ್ ನಡೆಯಿತು. ಮಳೆ ಬಂದು ಆಟ ನಿಂತಿತು, ಮಳೆ ಪಂದ್ಯಕ್ಕಿರುವ ವಿಜೆಡಿ ಲೆಕ್ಕ ಹಾಕಿದರು, ಹುಬ್ಬಳ್ಳಿ ಟೈಗರ್ಸ್ ಸೋತು ಮಂಗಳೂರು ಡ್ರ್ಯಾಗನ್ಸ್ ಕಪ್ ಎತ್ತಿತು. ಹೊಸಪೇಟೆ ಬಳಿಯ ಮಲಪನಗುಡಿಯ ನಮ್ಮ ಮನೆಯಲ್ಲಿ ಹುಡುಗರೆಲ್ಲ ಒಂದೇ ಮೊಬೈಲಿನ ಮುಂದೆ ತಲೆಗೆ ತಲೆ ತಾಗಿಸಿ ಕೂತಿದ್ದರು. ಅಕ್ಕನ ಮಗ ತಲೆ ಎತ್ತಿ ಕೇಳಿದ: “ಮಾವಾ, ಇದ್ರಾಗ ನಮ್ದು ಯಾವ ಟೀಮು?”

ಇರುವ ಆರು ಹೆಸರು ಹೇಳಿದೆ. ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಮಂಗಳೂರು, ಶಿವಮೊಗ್ಗ, ಗುಲ್ಬರ್ಗ.

“ಬಳ್ಳಾರಿ ಇಲ್ಲೇನು?”

“ಇತ್ತು.”

“ಮತ್ತ ಎಲ್ಲಿ ಹೋತು?”

ಆ ರಾತ್ರಿ ಅವನಿಗೆ ಏನೋ ಹೇಳಿ ಮಲಗಿಸಿದೆ. ಆದರೆ ಈ ಪ್ರಶ್ನೆಗೆ ಉತ್ತರ ಕೊಡಬೇಕಾದವರು ಬೆಂಗಳೂರಿನಲ್ಲಿ ರಾಜ್ಯ ಕ್ರಿಕೆಟ್ ಸಂಸ್ಥೆಯ (ಕೆಎಸ್‌ಸಿಎ) ಕಚೇರಿಯಲ್ಲಿದ್ದಾರೆ. ಹಾಗಾಗಿ ಅದನ್ನು ಅವರಿಗೇ ದಾಟಿಸುತ್ತಿದ್ದೇನೆ.

ಬಳ್ಳಾರಿ ಟಸ್ಕರ್ಸ್ ಎಂಬ ತಂಡ ಕರ್ನಾಟಕ ಪ್ರೀಮಿಯರ್ ಲೀಗ್‌ನಲ್ಲಿ (ಕೆಪಿಎಲ್) ಆಡುತ್ತಿತ್ತು. 2016ರಲ್ಲಿ ಕಪ್ ಗೆದ್ದಿತ್ತು. ದೇವದತ್ತ ಪಡಿಕ್ಕಲ್ ಇನ್ನೂ ಮೀಸೆ ಚಿಗುರದ ವಯಸ್ಸಿನಲ್ಲಿ ಆಡಿದ್ದು ಇದೇ ತಂಡಕ್ಕೆ. ಮಹಾರಾಜ ಟ್ರೋಫಿಯ 2025ರ ಹರಾಜಿನಲ್ಲಿ ಅವರನ್ನು 13.20 ಲಕ್ಷ ರೂಪಾಯಿಗೆ ಕೊಂಡದ್ದು ಹುಬ್ಬಳ್ಳಿ.

ಟಸ್ಕರ್ಸ್ ತಂಡದ ಕೊನೆಯ ಸೀಸನ್ 2019ರದು. ನೋಡಿದವರು ಮರೆಯುವಂಥದ್ದಲ್ಲ. ಆಗಸ್ಟ್ 23ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಶಿವಮೊಗ್ಗ ಲಯನ್ಸ್ ಎದುರು ಪಂದ್ಯ. ಮಳೆಯಿಂದಾಗಿ 17 ಓವರಿಗೆ ಇಳಿದಿತ್ತು. ಕೆ. ಗೌತಮ್ ಬಂದವರೇ 56 ಎಸೆತಕ್ಕೆ ಔಟಾಗದೆ 134 ಹೊಡೆದರು. ಅದರಲ್ಲಿ 13 ಸಿಕ್ಸರ್, ಶತಕ ಬಂದದ್ದು 39ನೇ ಎಸೆತಕ್ಕೆ. ಬ್ಯಾಟು ಕೆಳಗಿಟ್ಟು ಚೆಂಡು ಹಿಡಿದು 15 ರನ್ನಿಗೆ 8 ವಿಕೆಟ್ ಕಿತ್ತರು. ಒಬ್ಬನೇ ಆಟಗಾರ, ಒಂದೇ ಸಂಜೆ. ಲೀಗಿಗೆ ಅಧಿಕೃತ ಟಿ20 ಮಾನ್ಯತೆ ಇರಲಿಲ್ಲವಾದ್ದರಿಂದ ಅದು ದಾಖಲೆ ಪುಸ್ತಕ ಸೇರಲಿಲ್ಲ. ಆದರೆ ಹೊಸಪೇಟೆ ಬಸ್ ನಿಲ್ದಾಣದ ಎದುರಿನ ಚಹಾ ಅಂಗಡಿಗಳಲ್ಲಿ ಮರುದಿನ ಬೇರೆ ಮಾತೇ ಇರಲಿಲ್ಲ. ಎದೆಯ ಮೇಲೆ ಬಳ್ಳಾರಿ ಎಂದು ಬರೆದುಕೊಂಡವನು ಹೀಗೂ ಆಡಬಲ್ಲ ಎಂಬ ಹೆಮ್ಮೆ ಗಣಿ ಧೂಳು ತಿನ್ನುವ ಊರುಗಳಿಗೆ ಸಣ್ಣದಲ್ಲ. 2011ರಿಂದ ಈಚೆಗೆ ಬಳ್ಳಾರಿ ಎಂಬ ಹೆಸರು ಪತ್ರಿಕೆಯ ಮುಖಪುಟಕ್ಕೆ ಬಂದಾಗಲೆಲ್ಲ ಅದರ ಹಿಂದೆ ‘ಅಕ್ರಮ’ ಎಂಬ ಪದ ಇದ್ದೇ ಇರುತ್ತಿತ್ತು. ಅವತ್ತು ಇರಲಿಲ್ಲ.

ಎಂಟು ದಿನ ಕಳೆದು, ಆಗಸ್ಟ್ 31ರಂದು ಮೈಸೂರಿನಲ್ಲಿ ಫೈನಲ್. ಹುಬ್ಬಳ್ಳಿ ಎದುರು 8 ರನ್ನಿನ ಸೋಲು. ಆಮೇಲೆ ನಡೆದದ್ದು ಓದುಗರಿಗೆ ನೆನಪಿದೆ. ಮೊದಲು ಬೆಳಗಾವಿ ತಂಡದ ಮಾಲೀಕನ ಬಂಧನ, ನವೆಂಬರ್‌ನಲ್ಲಿ ನಮ್ಮ ತಂಡದ ನಾಯಕ ಮತ್ತು ಇನ್ನೊಬ್ಬ ಆಟಗಾರನ ಬಂಧನ. ಫೈನಲ್‌ನಲ್ಲಿ ನಿಧಾನವಾಗಿ ಆಡಲು ಹಣ ಪಡೆದರು ಎಂಬುದು ಸಿಸಿಬಿ ಪೊಲೀಸರ ಆರೋಪ. ಪ್ರಕರಣ ಹೈಕೋರ್ಟಿಗೆ ಹೋಯಿತು. ಪಂದ್ಯ ಫಿಕ್ಸ್ ಮಾಡುವುದು ಐಪಿಸಿ 420ರ ಪ್ರಕಾರ ವಂಚನೆ ಆಗುವುದಿಲ್ಲ, ಕ್ರಮ ಬೇಕಿದ್ದರೆ ಬಿಸಿಸಿಐ ತೆಗೆದುಕೊಳ್ಳಬಹುದು ಎಂದು ಹೇಳಿ 2022ರ ಜನವರಿಯಲ್ಲಿ ನ್ಯಾಯಾಲಯ ಪ್ರಕರಣವನ್ನು ರದ್ದು ಮಾಡಿತು. ಅದರ ವಿರುದ್ಧ ರಾಜ್ಯ ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯಿತು. ಆಟಗಾರರ ತಪ್ಪು ಒಪ್ಪುಗಳ ತೀರ್ಪು ಹೇಳುವುದು ನನ್ನ ಕೆಲಸವಲ್ಲ.

ನನ್ನ ತಕರಾರು ಇರುವುದು 2022ರ ಆಗಸ್ಟ್ ತಿಂಗಳ ಬಗ್ಗೆ. ಕೆಪಿಎಲ್ ಹೋಗಿ ಮಹಾರಾಜ ಟ್ರೋಫಿ ಬಂತು. ಏಳು ತಂಡ ಇದ್ದಲ್ಲಿ ಆರು ಆದವು. ಬಿಟ್ಟ ಹೆಸರು ಯಾವುವು? ಬೆಳಗಾವಿ, ವಿಜಯಪುರ, ಬಳ್ಳಾರಿ. ಈಗ ಹಳೆಯ ವಿಜೇತರ ಪಟ್ಟಿ ತೆಗೆದು ನೋಡಿ. 2015ರಲ್ಲಿ ಬಿಜಾಪುರ ಬುಲ್ಸ್, 2016ರಲ್ಲಿ ಬಳ್ಳಾರಿ ಟಸ್ಕರ್ಸ್, 2017ರಲ್ಲಿ ಬೆಳಗಾವಿ ಪ್ಯಾಂಥರ್ಸ್, 2018ರಲ್ಲಿ ಮತ್ತೆ ಬಿಜಾಪುರ. ಸಾಲಾಗಿ ನಾಲ್ಕು ಕಪ್ ಗೆದ್ದ ಮೂರು ಊರುಗಳನ್ನೇ ಹೆಕ್ಕಿ ಹೊರಗಿಟ್ಟಂತಾಯಿತು. ಮಂಗಳೂರಿನ ಜೊತೆ ಹೊಸದಾಗಿ ಸೇರಿದ ಕಲಬುರಗಿಯ ಬಗ್ಗೆ ನನಗೆ ಒಂದಿಷ್ಟೂ ಹೊಟ್ಟೆಕಿಚ್ಚಿಲ್ಲ. ಮೊದಲ ವರ್ಷವೇ ಕಪ್ ಗೆದ್ದು ಆ ಹುಡುಗರು ತಮ್ಮ ಜಾಗ ಸಂಪಾದಿಸಿಕೊಂಡರು. ಆದರೆ ಕಂಪ್ಲಿಯ ಹುಡುಗನಿಗೆ ಕಲಬುರಗಿ ನಿನ್ನ ಊರು ಎಂದು ಹೇಳಿದರೆ ಅವನು ನಂಬುವುದಿಲ್ಲ, ನಂಬಬೇಕಾಗಿಯೂ ಇಲ್ಲ.

ತಪ್ಪು ಮಾಡಿದವರೆಂದು ಆರೋಪ ಹೊತ್ತವರು ಬೆರಳೆಣಿಕೆಯ ಜನ. ತಂಡ ಕಳೆದುಕೊಂಡದ್ದು ಇಡೀ ಜಿಲ್ಲೆ. ಜಗತ್ತಿನಲ್ಲಿ ಎಲ್ಲಾದರೂ ಹೀಗೆ ಮಾಡಿದ್ದಾರೆಯೇ?

ಅಮೆರಿಕದಲ್ಲಿ ಬೇಸ್‌ಬಾಲ್ ಎಂದರೆ ನಮಗೆ ಕ್ರಿಕೆಟ್ ಇದ್ದಂತೆ. 1919ರಲ್ಲಿ ಅಲ್ಲಿನ ದೊಡ್ಡ ಫೈನಲ್ ಆದ ವರ್ಲ್ಡ್ ಸೀರೀಸ್‌ನಲ್ಲಿ ಶಿಕಾಗೊ ವೈಟ್ ಸಾಕ್ಸ್ ತಂಡ ಸಿನ್ಸಿನಾಟಿಗೆ ಸೋತಿತು. ಜೂಜುಕೋರರ ಹಣ ಪಡೆದು ಬೇಕೆಂದೇ ಸೋತರು ಎಂದು ಎಂಟು ಆಟಗಾರರ ಮೇಲೆ ಆರೋಪ ಬಂತು. 1921ರಲ್ಲಿ ಜ್ಯೂರಿ ಅವರನ್ನು ಬಿಡುಗಡೆ ಮಾಡಿತು. ಆದರೂ ಬೇಸ್‌ಬಾಲ್ ಕಮಿಷನರ್ ಆಗಿದ್ದ ಲ್ಯಾಂಡಿಸ್ ಮರುದಿನವೇ ಎಂಟೂ ಜನರಿಗೆ ಆಜೀವ ನಿಷೇಧ ಹಾಕಿದರು. ಅದು ಎಷ್ಟು ಗಟ್ಟಿ ನಿಷೇಧವೆಂದರೆ, ಸತ್ತವರ ಹೆಸರಿನ ಮೇಲಿಂದ ಅದನ್ನು ತೆಗೆದದ್ದು 2025ರ ಮೇ ತಿಂಗಳಲ್ಲಿ. ಇಷ್ಟೆಲ್ಲ ಆದರೂ ಶಿಕಾಗೊ ನಗರದಿಂದ ಯಾರೂ ತಂಡವನ್ನು ಕಿತ್ತುಕೊಳ್ಳಲಿಲ್ಲ. ಮುಂದಿನ ವರ್ಷವೂ ಆಡಿದರು, ಅದರ ಮುಂದಿನ ವರ್ಷವೂ ಆಡಿದರು, 2005ರಲ್ಲಿ ವರ್ಲ್ಡ್ ಸೀರೀಸ್ ಗೆದ್ದರು.

ಅಷ್ಟು ದೂರ ಯಾಕೆ, ಚೆನ್ನೈ ಇದೆಯಲ್ಲ. 2015ರಲ್ಲಿ ಬೆಟ್ಟಿಂಗ್ ಹಗರಣದಲ್ಲಿ ಲೋಧಾ ಸಮಿತಿ ಐಪಿಎಲ್‌ನ ಚೆನ್ನೈ ಮತ್ತು ರಾಜಸ್ಥಾನ ತಂಡಗಳನ್ನು ಎರಡು ವರ್ಷ ಹೊರಗಿಟ್ಟಿತು. ಎರಡು ವರ್ಷ ಮುಗಿದವು, ತಂಡಗಳು ಬಂದವು. 2018ರಲ್ಲಿ ಚೆನ್ನೈ ಬಂದ ವರ್ಷವೇ ಕಪ್ ಎತ್ತಿತು, ದೇಶವೇ ಚಪ್ಪಾಳೆ ಹೊಡೆಯಿತು. ಚೆನ್ನೈಗೆ ಎರಡು ವರ್ಷ. ಬಳ್ಳಾರಿಗೆ ಆರು ವರ್ಷ ಕಳೆದರೂ ಅವಧಿ ಎಷ್ಟೆಂದು ಹೇಳುವವರಿಲ್ಲ.

ತಂಡ ಇದ್ದಾಗಲೂ ನಮಗೆ ಪೂರ್ತಿ ಸಿಕ್ಕಿತ್ತೇ? ಇಲ್ಲ. 2019ರ ಇಡೀ ಸೀಸನ್ ಬೆಂಗಳೂರು ಮತ್ತು ಮೈಸೂರಿನಲ್ಲಿ ಮುಗಿಯಿತು. ನಮ್ಮದೇ ಹೆಸರಿನ ತಂಡ ನೋಡಲು ಹೊಸಪೇಟೆಯವರು ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಬೇಕಿತ್ತು. ಅದಿರು ಇಲ್ಲಿಂದ ಲಾರಿ ಹತ್ತಿ ಹೋದ ಹಾಗೆ ಹೆಸರೂ ಇಲ್ಲಿಂದ ಹೋಯಿತು, ತಿರುಗಿ ಏನೂ ಬರಲಿಲ್ಲ. ಇಲ್ಲಿ ಮೈದಾನ ಎಲ್ಲಿದೆ ಎಂದು ಕೆಎಸ್‌ಸಿಎ ಕೇಳಬಹುದು. ಸರಿಯಾದ ಪ್ರಶ್ನೆ.

ಹೊಸಪೇಟೆಯಲ್ಲಿ ಪುನೀತ್ ರಾಜ್‌ಕುಮಾರ್ ಹೆಸರಿನ ಜಿಲ್ಲಾ ಕ್ರೀಡಾಂಗಣ ಇದೆ. 2022ರ ಆಗಸ್ಟ್‌ನಲ್ಲಿ ಅಲ್ಲಿ 405 ಅಡಿಯ ಧ್ವಜಸ್ತಂಭ ನಿಲ್ಲಿಸಿದರು. 2025ರ ಮೇ 20ರಂದು ರಾಜ್ಯ ಸರ್ಕಾರದ ಎರಡು ವರ್ಷದ ಸಾಧನಾ ಸಮಾವೇಶ ಅಲ್ಲೇ ಆಯಿತು. ಧ್ವಜಕ್ಕೆ ಕೈ ಮುಗಿಯುತ್ತೇನೆ. ಸಮಾವೇಶದ ಬಗ್ಗೆ ಹಾಗೆ ಹೇಳಲಾರೆ. ಸಾವಿರಾರು ಜನ, ಪೆಂಡಾಲಿನ ಕಂಬ, ಭಾರಿ ವಾಹನ ಇವೆಲ್ಲ ಇಳಿದ ನೆಲದಲ್ಲಿ ಮತ್ತೆ ಓಡುವ ಹುಡುಗಿಯ ಕಾಲು ಉಳುಕುತ್ತದೆ ಎಂದು ಒಬ್ಬ ಅಧಿಕಾರಿಗಾದರೂ ಹೊಳೆಯಬೇಕಿತ್ತು. ಕ್ರೀಡಾಂಗಣ ಎಂದು ಬೋರ್ಡ್ ಬರೆದ ಮೇಲೆ ಅದನ್ನು ಆಟಕ್ಕೆ ಬಿಡಿ. ಐದು ನೂರು ವರ್ಷದ ಹಿಂದೆ ಇಲ್ಲಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಪೇಸ್ ಮಹಾನವಮಿಯ ಕುಸ್ತಿಯನ್ನು ಕಣ್ಣಾರೆ ನೋಡಿ ಬರೆದಿಟ್ಟಿದ್ದಾನೆ. ಆಗಿನ ಅರಸರು ಉತ್ಸವದ ನಡುವೆ ಜಟ್ಟಿಗಳಿಗೆ ಜಾಗ ಮಾಡಿದ್ದರು. ಈಗಿನವರು ಉತ್ಸವಕ್ಕಾಗಿ ಆಟಗಾರರನ್ನು ಎಬ್ಬಿಸುತ್ತಾರೆ.

ಇಲ್ಲಿ ಒಳ್ಳೆಯ ಸೌಲಭ್ಯ ಕಟ್ಟಲು ಆಗುವುದಿಲ್ಲ ಎಂದು ಮಾತ್ರ ಯಾರೂ ಹೇಳಬಾರದು. ಸಂಡೂರು ತಾಲ್ಲೂಕಿನ ತೋರಣಗಲ್ಲಿಗೆ ಹೋಗಿ ನೋಡಿ. 2018ರಲ್ಲಿ ಜೆಎಸ್‌ಡಬ್ಲ್ಯು ಅಲ್ಲಿ ಕಟ್ಟಿದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್‌ನಲ್ಲಿ ನೀರಜ್ ಚೋಪ್ರಾ ಅಭ್ಯಾಸ ಮಾಡಿದ್ದಾರೆ. ಅದೇ ಸಮೂಹದ ಬೆಂಗಳೂರು ಎಫ್‌ಸಿ ತನ್ನ ಫುಟ್‌ಬಾಲ್ ಹುಡುಗರನ್ನು ಬೆಳೆಸುವುದೂ ಇಲ್ಲಿಯೇ. ಐಎಸ್‌ಎಲ್ ಸೀಸನ್ ನಡೆಯುತ್ತದೋ ಇಲ್ಲವೋ ಎಂಬ ಗೊಂದಲದಲ್ಲಿ 2025ರ ಆಗಸ್ಟ್ ಮೊದಲ ವಾರ ಆ ಕ್ಲಬ್ ಹಿರಿಯ ತಂಡದ ಸಂಬಳವನ್ನೇ ನಿಲ್ಲಿಸಿತು. ಆದರೆ ಕಿರಿಯರ ತಂಡಗಳಿಗೆ ತೊಂದರೆ ಇಲ್ಲ ಎಂದಿತು. ಅದನ್ನು ಓದಿ ಸಮಾಧಾನವಾಯಿತು. ಹಾಗಿದ್ದರೂ ಆ ಅಂಗಿಯ ಮೇಲಿರುವ ಹೆಸರು ಬೆಂಗಳೂರು. ನೆಲ ನಮ್ಮದು, ಉಕ್ಕು ನಮ್ಮದು, ಹೆಸರು ಅವರದು.

ಬೆಂಗಳೂರಿಗೆ ಎಷ್ಟು ಕೊಟ್ಟರೂ ಸಾಲುವುದಿಲ್ಲ ಎಂಬುದನ್ನು 2025ರಲ್ಲಿ ಕಣ್ಣಾರೆ ಕಂಡೆವು. ಜೂನ್ 4ರಂದು ಚಿನ್ನಸ್ವಾಮಿ ಗೇಟಿನ ಮುಂದೆ ನೂಕುನುಗ್ಗಲಿನಲ್ಲಿ ಹನ್ನೊಂದು ಜೀವ ಹೋದವು. ಆ ಮನೆಗಳ ದುಃಖದ ಮುಂದೆ ಬೇರೆ ಮಾತಿಲ್ಲ. ಆದರೆ ಅದರಿಂದ ಕಲಿತ ಪಾಠ ಏನು? ಬೊಮ್ಮಸಂದ್ರದ ಸೂರ್ಯನಗರದಲ್ಲಿ 1,650 ಕೋಟಿ ರೂಪಾಯಿಯ, 80 ಸಾವಿರ ಜನ ಹಿಡಿಯುವ ಕ್ರೀಡಾಂಗಣವಂತೆ. ಜನ ಒಂದೇ ಕಡೆ ಮುಗಿಬಿದ್ದದ್ದರಿಂದ ಅನಾಹುತ ಆಯಿತು, ಅದಕ್ಕೆ ಇನ್ನೂ ಹೆಚ್ಚು ಜನರನ್ನು ಅದೇ ನಗರಕ್ಕೆ ಕರೆಯೋಣ ಎಂಬ ಯೋಚನೆ ಇದು. ಚಿನ್ನಸ್ವಾಮಿಗೆ ಅನುಮತಿ ಸಿಗದಿದ್ದಾಗ ಮಹಾರಾಜ ಟ್ರೋಫಿ ಇಡಿಯಾಗಿ ಮೈಸೂರಿಗೆ ಹೋಯಿತು. ರಣಜಿ ಪಂದ್ಯ ನಡೆಯುವ ಹುಬ್ಬಳ್ಳಿಯ ರಾಜನಗರ ಮೈದಾನಕ್ಕೂ ಒಂದು ಪಂದ್ಯ ಬರಲಿಲ್ಲ. ಉತ್ತರಕ್ಕೆ ಹೋಗುವ ದಾರಿ ಕೆಎಸ್‌ಸಿಎಗೆ ತುಮಕೂರಿನ ಆಚೆ ಮರೆತುಹೋಗುತ್ತದೆ.

ಆ 1,650 ಕೋಟಿಯ ಒಂದು ಚೂರು ಸಾಕು. ಹೊಸಪೇಟೆ, ಸಂಡೂರು, ಕಂಪ್ಲಿಯಲ್ಲಿ ತಲಾ ಒಂದು ಟರ್ಫ್ ವಿಕೆಟ್, ನಾಲ್ಕು ನೆಟ್, ಒಬ್ಬ ಕೋಚ್. ಜಿಲ್ಲಾ ಖನಿಜ ನಿಧಿಯಲ್ಲಿ ಹಣ ಇಲ್ಲ ಎಂದು ಬಳ್ಳಾರಿಯಲ್ಲಿ ಯಾರಾದರೂ ಹೇಳಿದರೆ ಮಕ್ಕಳೂ ನಂಬುವುದಿಲ್ಲ. ಬೇಸಿಗೆಯಲ್ಲಿ ಕೊಯ್ಲಾದ ಗದ್ದೆಯಲ್ಲಿ ಲೈಟು ಕಟ್ಟಿ ರಾತ್ರಿಯಿಡೀ ಟೆನಿಸ್ ಬಾಲ್ ಟೂರ್ನಮೆಂಟ್ ಆಡುವ ಹುಡುಗರನ್ನು ನೋಡಿದ್ದೇನೆ. ಗಣಿಯಲ್ಲಿ ಪಾಳಿ ಮುಗಿಸಿ, ಊಟ ಬಿಟ್ಟು ನೇರ ಬಂದು ಬೌಲಿಂಗ್ ಮಾಡುವವರು ಅವರಲ್ಲಿದ್ದಾರೆ. ಅವರಿಗೆ ಲೆದರ್ ಬಾಲು ಮುಟ್ಟಿಸುವವರಿಲ್ಲ. ಮುಟ್ಟಿದರೂ ಮುಂದೆ ಯಾವ ತಂಡದ ಬಾಗಿಲು ತಟ್ಟಬೇಕೆಂದು ಹೇಳುವವರಿಲ್ಲ.

ಕೆಎಸ್‌ಸಿಎಯ ಆಡಳಿತ ಮಂಡಳಿಯನ್ನು ಆರಿಸುವುದು ಸದಸ್ಯರ ಮತ. ಬಳ್ಳಾರಿ, ವಿಜಯನಗರ ಎರಡೂ ಜಿಲ್ಲೆಯಲ್ಲಿ ಮತ ಇರುವ ಸದಸ್ಯರಿಗೆ, ಕ್ಲಬ್‌ಗಳಿಗೆ ನನ್ನ ಕೋರಿಕೆ ಇಷ್ಟೇ: ಮತ ಕೇಳಲು ಬಂದವರಿಗೆ ಹಾರ ಹಾಕುವ ಮೊದಲು, ಮುಂದಿನ ಆಗಸ್ಟ್‌ನ ಪಟ್ಟಿಯಲ್ಲಿ ನಮ್ಮ ತಂಡ ಇರುತ್ತದೆಯೇ ಎಂದು ಕೇಳಿ, ಬರಹದಲ್ಲಿ ಉತ್ತರ ಪಡೆಯಿರಿ. ಹೆಸರು ಬಳ್ಳಾರಿ ಇರಲಿ, ವಿಜಯನಗರ ಇರಲಿ, 2021ರಲ್ಲಿ ಜಿಲ್ಲೆ ಒಡೆದಾಗ ಆಡಿದ ಜಗಳವನ್ನು ಇಲ್ಲಿಗೆ ತರುವುದು ಬೇಡ. ತಂಡ ಕೊಟ್ಟರೆ ಎರಡು ಪಂದ್ಯವನ್ನಾದರೂ ಈ ನೆಲದಲ್ಲಿ ಆಡಿಸಬೇಕು. ಅದಕ್ಕೆ ಒಪ್ಪದವರಿಗೆ ಮತ ಹಾಕಬೇಡಿ.